ದುರ್ಬೀನ್ ಆಪರೇಷನ್ನೂ ಕಿಡ್ನಿಯೂ: ಕರಜಗಿ ಹೋಬಳಿಯ ಆಶಾ ಅಕ್ಕಂದಿರಿಗೆ ಒಂದು ಬಹಿರಂಗ ಪತ್ರ



ಆಪರೇಷನ್ ಕೋಣೆಯಲ್ಲಿ ಅರಿವಳಿಕೆ ಕೊಟ್ಟು, ಕೆಲಸ ಮುಗಿಯುವ ತನಕ ರೋಗಿಯ ತಲೆಯ ಹತ್ತಿರ ಕೂತು ಉಸಿರು, ನಾಡಿ, ರಕ್ತದೊತ್ತಡ, ಮೂತ್ರ ಇವನ್ನೆಲ್ಲ ಕಾಯುವುದು ನನ್ನ ಉದ್ಯೋಗ. ಭೀಮಾ ತೀರದ ಊರುಗಳಿಂದ ಬರುವ ಮಂದಿ ಸಹಿ ಹಾಕುವ ಮೊದಲು ಕೇಳುವ ಪ್ರಶ್ನೆ ಒಂದಿದೆ: “ದುರ್ಬೀನ್ ಆಪರೇಷನ್ ಮಾಡಿಸಿದ್ರ ಕಿಡ್ನಿ ಹೋಗ್ತಾವಂತಲ್ರೀ ಡಾಕ್ಟರೇ, ಖರೇ ಏನ್ರಿ?” ಪಿತ್ತಕೋಶದ ಕಲ್ಲಿಗೆ ಬಂದವರೂ ಕೇಳುತ್ತಾರೆ, ಅಪೆಂಡಿಕ್ಸಿಗೆ ಬಂದವರೂ ಕೇಳುತ್ತಾರೆ, ಗರ್ಭಕೋಶದ ಆಪರೇಷನ್ನಿಗೆ ಬಂದ ಹೆಣ್ಣುಮಗಳ ಅತ್ತೆಯೂ ಕೇಳುತ್ತಾಳೆ. ಕಲಬುರಗಿಗೋ ಸೊಲ್ಲಾಪುರಕ್ಕೋ ಬಸ್ಸು ಹತ್ತುವ ಮೊದಲು ಅವರು ಇದೇ ಪ್ರಶ್ನೆಯನ್ನು ನಿಮ್ಮ ಮುಂದೆ ಇಟ್ಟಿರುತ್ತಾರೆ. ಆದ್ದರಿಂದ ಉತ್ತರವೂ ನಿಮ್ಮಲ್ಲೇ ಇರಲಿ ಎಂದು ಈ ಪತ್ರ.

ಉತ್ತರ ಮೊದಲೇ ಹೇಳಿಬಿಡುತ್ತೇನೆ. ಗಟ್ಟಿಮುಟ್ಟಾದ ಕಿಡ್ನಿ ಇದ್ದವರಿಗೆ, ಹೊಟ್ಟೆಗೆ ಗ್ಯಾಸು ತುಂಬಿ ಸಣ್ಣ ತೂತಿನಿಂದ ಕ್ಯಾಮೆರಾ ಇಳಿಸಿ ಮಾಡುವ ಈ ದುರ್ಬೀನ್ ಆಪರೇಷನ್ನಿನಿಂದ ಆಗುವುದು ಕೆಲವು ಗಂಟೆಗಳ ತೊಂದರೆ. ಗ್ಯಾಸು ಹೊರಗೆ ಹೋದ ಮೇಲೆ ಕಿಡ್ನಿ ತನ್ನ ಕೆಲಸಕ್ಕೆ ಮರಳುತ್ತದೆ. ಆದರೆ ಮೊದಲೇ ಸೋತಿರುವ ಕಿಡ್ನಿಗೆ, ಬಿಸಿಲಲ್ಲಿ ಒಣಗಿದ ದೇಹಕ್ಕೆ, ನೋವಿನ ಗುಳಿಗೆ ನುಂಗಿ ನುಂಗಿ ದಣಿದವರಿಗೆ ಆ ಕೆಲವು ಗಂಟೆಗಳೂ ಭಾರವಾಗಬಹುದು. ಈ ಭಾರವನ್ನು ಇಳಿಸುವ ಕೆಲಸ ಬಹುಮಟ್ಟಿಗೆ ಆಪರೇಷನ್ನಿಗೆ ಮೊದಲಿನ ವಾರದಲ್ಲಿ ಮತ್ತು ನಂತರದ ವಾರದಲ್ಲಿ, ಮನೆಯಲ್ಲಿ ಆಗಬೇಕು. ಅಲ್ಲಿಗೆ ನಾವು ಬರಲಾರೆವು, ನೀವು ದಿನವೂ ಹೋಗುತ್ತೀರಿ.

ಒಳಗೆ ಏನಾಗುತ್ತದೆ ಎಂಬುದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಹೊಟ್ಟೆಯೊಳಗೆ ಬರೀ ಕ್ಯಾಮೆರಾ ಇಳಿಸಿದರೆ ಏನೂ ಕಾಣುವುದಿಲ್ಲ. ಕರುಳು, ಕೊಬ್ಬಿನ ಪದರ, ಹೊಟ್ಟೆಯ ಗೋಡೆ ಒಂದಕ್ಕೊಂದು ಒತ್ತಿಕೊಂಡಿರುತ್ತವೆ. ಜಾಗ ಮಾಡಿಕೊಳ್ಳಲು ಸುಮಾರು 3ರಿಂದ 5 ಲೀಟರ್ ಕಾರ್ಬನ್ ಡೈಆಕ್ಸೈಡ್ ತುಂಬುತ್ತಾರೆ. ಈ ಗ್ಯಾಸಿಗೆ ಬೆಂಕಿ ಹತ್ತುವುದಿಲ್ಲ. ರಕ್ತದಲ್ಲಿ ಬೇಗ ಕರಗಿ ಉಸಿರಿನ ಮೂಲಕ ಹೊರಗೆ ಹೋಗುತ್ತದೆ. ಮಲಗಿದ ಮನುಷ್ಯನ ಹೊಟ್ಟೆಯೊಳಗಿನ ಒತ್ತಡ ಸಾಮಾನ್ಯವಾಗಿ 5ರಿಂದ 7 ಮಿಲಿಮೀಟರ್ ಪಾದರಸದ ಆಸುಪಾಸಿನಲ್ಲಿದ್ದರೆ, ಆಪರೇಷನ್ ವೇಳೆ ಅದನ್ನು 12ರಿಂದ 15ಕ್ಕೆ ಏರಿಸುತ್ತೇವೆ.

ಕಿಡ್ನಿಗಳು ಆ ಹೊಟ್ಟೆಯ ಹಿಂಬದಿಯಲ್ಲೇ ಇವೆ. ಎರಡೂ ಸೇರಿ ತೂಗಿದರೆ 300 ಗ್ರಾಂ ಆಗಬಹುದು, ಅಷ್ಟೆ. ಆದರೆ ಹೃದಯ ದೂಡುವ ರಕ್ತದಲ್ಲಿ ಹೆಚ್ಚುಕಮ್ಮಿ ಐದನೆಯ ಒಂದು ಪಾಲು, ಅಂದರೆ ನಿಮಿಷಕ್ಕೆ ಸುಮಾರು ಒಂದು ಲೀಟರ್, ಅವುಗಳ ಮೂಲಕ ಹಾಯುತ್ತದೆ. ಕಿಡ್ನಿಯಿಂದ ರಕ್ತ ಹೊರಗೆ ಒಯ್ಯುವ ರಕ್ತನಾಳದ ಗೋಡೆ ಮೆತ್ತಗೆ, ಒತ್ತಡ ಕಮ್ಮಿ. ಗ್ಯಾಸು ಅದನ್ನು ಅದುಮುತ್ತದೆ. ಕಬ್ಬಿನ ಹೊಲದಲ್ಲಿ ಡ್ರಿಪ್ ಪೈಪಿನ ಮೇಲೆ ಕಾಲಿಟ್ಟರೆ ಮೋಟರು ಚಾಲೂ ಇದ್ದರೂ ಮುಂದಕ್ಕೆ ನೀರು ಕಮ್ಮಿಯಾಗುತ್ತದಲ್ಲ, ಹಾಗೆ. ಅದರ ಜೊತೆಗೆ ಹೊಟ್ಟೆ ಉಬ್ಬಿದಾಗ ಕಾಲಿನಿಂದ ಹೃದಯಕ್ಕೆ ಮರಳುವ ರಕ್ತ ಇಳಿಯುತ್ತದೆ. ಪಿತ್ತಕೋಶದ ಆಪರೇಷನ್ನಿಗೆ ತಲೆ ಮೇಲೆ ಮಾಡಿ ಮಲಗಿಸಿದರೆ ಇನ್ನಷ್ಟು ಇಳಿಯುತ್ತದೆ. ದೇಹ ಇದನ್ನು ಬರಗಾಲ ಎಂದು ತಿಳಿದು ನೀರು ಹಿಡಿದಿಡುವ ಹಾರ್ಮೋನುಗಳನ್ನು ಬಿಡುಗಡೆ ಮಾಡುತ್ತದೆ. ಇವೆಲ್ಲ ಸೇರಿ ಆ ಒಂದೆರಡು ಗಂಟೆ ಮೂತ್ರ ಕಮ್ಮಿಯಾಗುತ್ತದೆ.

ಇದು ಹೊಸ ಸಂಗತಿಯಲ್ಲ. ಹೊಟ್ಟೆಯೊಳಗೆ ಒತ್ತಡ ಏರಿದರೆ ಮೂತ್ರ ಇಳಿಯುತ್ತದೆ ಎಂಬುದನ್ನು 1923ರಲ್ಲಿಯೇ ಥೋರಿಂಗ್ಟನ್ ಮತ್ತು ಶ್ಮಿಟ್ ಎಂಬ ವೈದ್ಯರು ನಾಯಿಗಳಲ್ಲಿ ಅಳೆದು ತೋರಿಸಿದ್ದರು. ಒತ್ತಡ 15ರಿಂದ 30ರ ನಡುವೆ ಇದ್ದಾಗ ಮೂತ್ರ ಕುಗ್ಗಿತು, 30 ದಾಟಿದಾಗ ನಿಂತೇಹೋಯಿತು. 1947ರಲ್ಲಿ ಬ್ರಾಡ್ಲಿ ದಂಪತಿ ಇದನ್ನು ಮನುಷ್ಯರಲ್ಲೂ ಕಂಡರು. ಆಗ ದುರ್ಬೀನಿನಿಂದ ಪಿತ್ತಕೋಶ ತೆಗೆಯುವ ಕಲ್ಪನೆಯೂ ಇರಲಿಲ್ಲ. ಅಂಥ ಮೊದಲ ಆಪರೇಷನ್ ಜರ್ಮನಿಯಲ್ಲಿ ಎರಿಕ್ ಮ್ಯೂಹೆ ಕೈಯಲ್ಲಿ ನಡೆದದ್ದು 1985ರಲ್ಲಿ. ನಮ್ಮ ದೇಶದಲ್ಲಿ ಮುಂಬಯಿಯ ಡಾ. ತೆಹೆಮ್ಟನ್ ಉದ್ವಾಡಿಯಾ ಅದನ್ನು ಮಾಡಿದ್ದು 1990ರಲ್ಲಿ. ಅಂದರೆ ಒತ್ತಡದ ಮಿತಿ ಎಷ್ಟಿರಬೇಕು ಎಂಬ ತಿಳಿವಳಿಕೆ ಈ ಆಪರೇಷನ್ನಿಗಿಂತ ಹಳೆಯದು. ಇಂದಿನ ಯಂತ್ರ ನಿಗದಿಪಡಿಸಿದ ಒತ್ತಡ ಮುಟ್ಟಿದೊಡನೆ ಗ್ಯಾಸು ನಿಲ್ಲಿಸುತ್ತದೆ. ಕಿಡ್ನಿ ನಾಜೂಕಾಗಿದ್ದವರಿಗೆ 8ರಿಂದ 10ರಷ್ಟು ಕಮ್ಮಿ ಒತ್ತಡದಲ್ಲೂ ಕೆಲಸ ಸಾಗಿಸಬಹುದು. ದೇಶದ ಕೆಲವು ಗ್ರಾಮೀಣ ಸರ್ಜನ್ನರು ಗ್ಯಾಸನ್ನೇ ತುಂಬದೆ, ಹೊಟ್ಟೆಯ ಗೋಡೆಯನ್ನು ಸಲಕರಣೆಯಿಂದ ಮೇಲೆತ್ತಿ ದುರ್ಬೀನ್ ಆಪರೇಷನ್ ಮಾಡುವ ವಿಧಾನವನ್ನೂ ರೂಢಿಗೆ ತಂದಿದ್ದಾರೆ.

“ಹಾಗಾದರೆ ಆ ಒತ್ತಡದಿಂದ ಕಿಡ್ನಿಗೆ ಕಾಯಂ ಪೆಟ್ಟು ಬೀಳುವುದಿಲ್ಲ ಅನ್ನಲಿಕ್ಕೆ ಸಾಕ್ಷಿ ಏನು?” ಎಂದು ಯಾರಾದರೂ ಕೇಳಿದರೆ ನೀವು ಕಿಡ್ನಿ ದಾನದ ಕಥೆ ಹೇಳಿ. 1995ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ ರ‍್ಯಾಟ್ನರ್ ಮತ್ತು ಕವೂಸಿ ಜೀವಂತ ದಾನಿಯೊಬ್ಬರ ಕಿಡ್ನಿಯನ್ನು ಮೊದಲ ಬಾರಿಗೆ ದುರ್ಬೀನ್ ವಿಧಾನದಿಂದ ತೆಗೆದರು. ಆ ಕಿಡ್ನಿ ತಾಸುಗಟ್ಟಲೆ ಗ್ಯಾಸಿನ ಒತ್ತಡದಲ್ಲಿದ್ದು, ಬಳಿಕ ರಕ್ತವಿಲ್ಲದೆ ಸ್ವಲ್ಪ ಹೊತ್ತು ಹೊರಗಿದ್ದು, ಇನ್ನೊಬ್ಬರ ದೇಹದಲ್ಲಿ ಕೆಲಸ ಶುರುಮಾಡಬೇಕಿತ್ತು. ಇದಕ್ಕಿಂತ ಕಠಿಣ ಪರೀಕ್ಷೆ ಬೇಕೆ? ಇಂದು ಜಗತ್ತಿನ ದೊಡ್ಡ ಕಸಿ ಕೇಂದ್ರಗಳಲ್ಲಿ ದಾನಿಗಳಿಗೆ ಈ ವಿಧಾನವೇ ರೂಢಿ. ಮೊದಲ ದಿನಗಳಲ್ಲಿ ಕೆಲವು ಕಿಡ್ನಿಗಳು ತುಸು ನಿಧಾನವಾಗಿ ಎದ್ದುಕೊಂಡರೂ, ವರ್ಷ ಕಳೆದ ಮೇಲೆ ನೋಡಿದರೆ ಹೊಟ್ಟೆ ಕೊಯ್ದು ತೆಗೆದ ಕಿಡ್ನಿಗೂ ಇದಕ್ಕೂ ವ್ಯತ್ಯಾಸ ಕಾಣುವುದಿಲ್ಲ. ನಮ್ಮ ದೇಶದಲ್ಲಿ ಕಿಡ್ನಿ ಕೊಡುವವರಲ್ಲಿ ಹೆಚ್ಚಿನವರು ತಾಯಂದಿರು, ಹೆಂಡಂದಿರು. ಒಂದೇ ಕಿಡ್ನಿ ಉಳಿಸಿಕೊಂಡು ಅವರು ಮನೆಗೆಲಸಕ್ಕೆ ಮರಳುತ್ತಾರೆ. ಆ ಉಳಿದ ಕಿಡ್ನಿಯೂ ಅದೇ ಗ್ಯಾಸಿನ ಒತ್ತಡವನ್ನು ಉಂಡದ್ದೇ.

ಇಲ್ಲಿಯೇ ಇನ್ನೊಂದು ಗುಸುಗುಸು ಮಾತಿಗೂ ಉತ್ತರ ಇದೆ. “ಮೂರು ತೂತು ಹೊಡೆದು ಕಿಡ್ನಿ ತೆಗೆದುಕೊಂಡರು” ಎಂಬ ಸಂಶಯ ಹಳ್ಳಿಗಳಲ್ಲಿ ಆಗಾಗ ಏಳುತ್ತದೆ. ದೇಶದಲ್ಲಿ ಕಿಡ್ನಿ ವ್ಯಾಪಾರ ನಡೆದದ್ದು ಸುಳ್ಳಲ್ಲ; ಅದನ್ನು ತಡೆಯಲೆಂದೇ 1994ರಲ್ಲಿ ಅಂಗಾಂಗ ಕಸಿ ಕಾಯ್ದೆ ಬಂತು. ಆದರೆ ಕಿಡ್ನಿ 10–12 ಸೆಂಟಿಮೀಟರ್ ಉದ್ದದ ಅಂಗ. ಬೆರಳಗಲದ ತೂತಿನಿಂದ ಅದನ್ನು ಇಡಿಯಾಗಿ ಹೊರತೆಗೆಯಲಾಗುವುದಿಲ್ಲ, ಬೇರೆ ಗಾಯ ಬೇಕೇ ಬೇಕು. ಸಂಶಯ ಇದ್ದವರಿಗೆ ಒಂದು ಸ್ಕ್ಯಾನಿಂಗ್ ಮಾಡಿಸಿದರೆ ಎರಡೂ ಕಿಡ್ನಿ ಕಣ್ಣಿಗೆ ಕಾಣುತ್ತವೆ. ಸಂಶಯಪಟ್ಟವರನ್ನು ಗದರಿಸಬೇಡಿ, ಸ್ಕ್ಯಾನಿಂಗ್ ತೋರಿಸಿ.

ನೀವೇ ಕರೆದುಕೊಂಡು ಹೋಗುವ ಉದರದರ್ಶಕ (ದುರ್ಬೀನ್) ಸಂತಾನಹರಣ ಆಪರೇಷನ್ ಬಗ್ಗೆ ಒಂದು ಮಾತು. ಅದು ಕೆಲವೇ ನಿಮಿಷಗಳ ಕೆಲಸ, ಆರೋಗ್ಯವಂತೆಯ ಕಿಡ್ನಿಗೆ ಅದರಿಂದ ಚಿಂತೆಯಿಲ್ಲ. ಆ ಆಪರೇಷನ್ನಿನ ಅಪಾಯ ಇರುವುದು ಬೇರೆ ಕಡೆ. 2014ರ ನವೆಂಬರಿನಲ್ಲಿ ಛತ್ತೀಸಗಢದ ಬಿಲಾಸಪುರ ಜಿಲ್ಲೆಯ ಶಿಬಿರವೊಂದರಲ್ಲಿ ಕೆಲವೇ ಗಂಟೆಗಳಲ್ಲಿ 83 ಹೆಣ್ಣುಮಕ್ಕಳಿಗೆ ಆಪರೇಷನ್ ಮಾಡಿದರು. ಹನ್ನೆರಡಕ್ಕೂ ಹೆಚ್ಚು ಮಂದಿ ತೀರಿಕೊಂಡರು. 2016ರಲ್ಲಿ ಸುಪ್ರೀಂ ಕೋರ್ಟು ಇಂಥ ಶಿಬಿರಗಳನ್ನು ಮೂರು ವರ್ಷದಲ್ಲಿ ನಿಲ್ಲಿಸಬೇಕೆಂದು ಹೇಳಿತು. ಗುಂಪಿನಲ್ಲಿ, ಗಡಿಬಿಡಿಯಲ್ಲಿ, ಸ್ವಚ್ಛತೆಯಿಲ್ಲದೆ ಮಾಡುವ ಯಾವ ಆಪರೇಷನ್ನಿಗೂ ಒಪ್ಪಬೇಡಿ.

ಈಗ ಯಾರ ಬಗ್ಗೆ ಎಚ್ಚರ ಬೇಕು ನೋಡೋಣ. ಶುಗರ್ ಹಳೆಯದಾದವರು, ಬಿ.ಪಿ. ಇದ್ದವರು, 60 ದಾಟಿದವರು, ಹೃದಯದ ತೊಂದರೆ ಇದ್ದವರು, ಮೊದಲೊಮ್ಮೆ ಕಿಡ್ನಿಯಲ್ಲಿ ಕಲ್ಲು ಆದವರು, ಕೀಲುನೋವಿಗೆ ತಿಂಗಳುಗಟ್ಟಲೆ ಗುಳಿಗೆ ನುಂಗಿದವರು. 30 ದಾಟಿದವರಲ್ಲಿ ರೋಗದ ಅಪಾಯ ಗುರುತಿಸುವ ಸಿಬ್ಯಾಕ್ ಫಾರಂ ತುಂಬುವಾಗ ಇವರಲ್ಲಿ ಬಹಳ ಜನರ ಹೆಸರು ನಿಮ್ಮ ಕೈಗೆ ಈಗಾಗಲೇ ಬಂದಿದೆ.

ಇವರ ಕ್ರಿಯಾಟಿನಿನ್ ರಿಪೋರ್ಟು ನೋಡುವಾಗ ಒಂದು ಸೂಕ್ಷ್ಮ ಗೊತ್ತಿರಲಿ. ಕಾಗದದ ಮೇಲೆ 1.2 ಎಂದಿದ್ದರೆ ಬಹಳ ಲ್ಯಾಬುಗಳು ಅದನ್ನು ನಾರ್ಮಲ್ ಎನ್ನುತ್ತವೆ. 25ರ ಹರೆಯದ ಗಂಡಸಿಗೆ ಆ 1.2 ಎಂದರೆ ಕಿಡ್ನಿ ನಿಮಿಷಕ್ಕೆ ಸುಮಾರು 86 ಮಿಲಿಲೀಟರ್ ಸೋಸುತ್ತಿದೆ ಎಂಬ ಅಂದಾಜು. ಅದೇ 1.2, 60 ವರ್ಷದ ಹೆಂಗಸಿಗಾದರೆ ಸುಮಾರು 52 ಮಾತ್ರ. ಕಿಡ್ನಿ ಸೋಸಿ ಹೊರಹಾಕುವ ಈ ಕ್ರಿಯಾಟಿನಿನ್ ಹುಟ್ಟುವುದು ಮಾಂಸಖಂಡದಿಂದ; ವಯಸ್ಸಾದ, ಸಣಕಲು ದೇಹದಲ್ಲಿ ಅದು ಕಮ್ಮಿ ಹುಟ್ಟುವುದರಿಂದ ಕಿಡ್ನಿ ಅರ್ಧ ಸೋತಿದ್ದರೂ ಅಂಕಿ ಸುಮ್ಮನೆ ಕೂತಿರುತ್ತದೆ. ಆದ್ದರಿಂದ “ರಿಪೋರ್ಟ್ ನಾರ್ಮಲ್ ಅದ” ಎಂದು ಬಿಡಬೇಡಿ. “ವಯಸ್ಸಿನ ಲೆಕ್ಕ ಹಾಕಿದರೆ ಎಷ್ಟಾಗ್ತದ್ರಿ, ಇ-ಜಿ.ಎಫ್.ಆರ್. ಎಷ್ಟು?” ಎಂದು ಡಾಕ್ಟರನ್ನು ಕೇಳಿ. ಈ ಪ್ರಶ್ನೆ ಕೇಳಿದ ಆಶಾ ಜೊತೆ ಬಂದ ರೋಗಿಯನ್ನು ಯಾವ ಡಾಕ್ಟರೂ ಹಗುರವಾಗಿ ನೋಡಲಾರ.

ಆಪರೇಷನ್ನಿಗೆ ಮೊದಲಿನ ವಾರದಲ್ಲಿ ಮೂರು ಕೆಲಸಗಳಿವೆ.

ಮೊದಲನೆಯದು, ನೋವಿನ ಗುಳಿಗೆ ಮತ್ತು ಸೂಜಿ. ಡೈಕ್ಲೋಫೆನಾಕ್, ಐಬುಪ್ರೊಫೆನ್, ಎಸಿಕ್ಲೋಫೆನಾಕ್, ಇವು ಕಿಡ್ನಿಗೆ ಹೋಗುವ ರಕ್ತವನ್ನು ಕಮ್ಮಿ ಮಾಡುತ್ತವೆ. ತೊಗರಿ ರಾಶಿ, ಕಬ್ಬು ಕಡಿತದ ದಿನಗಳಲ್ಲಿ ಸೊಂಟನೋವಿಗೆ ಕಿರಾಣಿ ಅಂಗಡಿಯಿಂದಲೂ ತಂದು ನುಂಗುತ್ತಾರೆ. ಮೇಲೆ ಹೇಳಿದ ಎಚ್ಚರದ ಪಟ್ಟಿಯವರು ಇವನ್ನು ನಿಲ್ಲಿಸಿ, ಬೇಕಾದರೆ ಡಾಕ್ಟರನ್ನು ಕೇಳಿ ಪ್ಯಾರಾಸಿಟಮಾಲ್ ತೆಗೆದುಕೊಳ್ಳಲಿ. ನಾಟಿ ಭಸ್ಮ, ಪುಡಿ ತಿನ್ನುತ್ತಿದ್ದರೆ ಅದನ್ನೂ ಮುಚ್ಚಿಡದೆ ಹೇಳಲಿ.

ಎರಡನೆಯದು, ಬಿ.ಪಿ. ಮತ್ತು ಶುಗರ್ ಗುಳಿಗೆ. ಟೆಲ್ಮಿಸಾರ್ಟನ್, ಲೊಸಾರ್ಟನ್, ಎನಾಲಾಪ್ರಿಲ್ ತರದ ಗುಳಿಗೆಗಳು ಮಾಮೂಲಿ ದಿನಗಳಲ್ಲಿ ಕಿಡ್ನಿಗೆ ಒಳ್ಳೆಯವೇ. ಅರಿವಳಿಕೆ ಮತ್ತು ಗ್ಯಾಸಿನ ಒತ್ತಡ ಎರಡೂ ಸೇರಿದ ದಿನ ಮಾತ್ರ ಅವು ರಕ್ತದೊತ್ತಡವನ್ನು ಅತಿಯಾಗಿ ಇಳಿಸಬಹುದು; ಅದಕ್ಕೇ ಕೆಲವರಿಗೆ ಆ ಬೆಳಗಿನ ಗುಳಿಗೆ ಬೇಡ ಅನ್ನುತ್ತೇವೆ. ಬಿ.ಪಿ. ಗುಳಿಗೆಯಾಗಲಿ ಶುಗರ್ ಗುಳಿಗೆಯಾಗಲಿ, ಡಾಕ್ಟರನ್ನು ಕೇಳದೆ ಯಾರೂ ತಾವಾಗಿ ನಿಲ್ಲಿಸಬಾರದು, ಆ ಬೆಳಿಗ್ಗೆ ತಾವಾಗಿ ನುಂಗಲೂಬಾರದು. ಗುಳಿಗೆಯ ಖಾಲಿ ಪಟ್ಟಿಗಳನ್ನು ಒಂದು ಚೀಲದಲ್ಲಿ ಹಾಕಿ ಕಳಿಸಿ. “ಬಿಳಿ ಗುಳಿಗಿ, ಸಣ್ಣದು” ಎಂಬ ವಿವರಣೆಯಿಂದ ನಮಗೆ ಏನೂ ತಿಳಿಯುವುದಿಲ್ಲ.

ಮೂರನೆಯದು ನೀರು. ಕಲಬುರಗಿ ಜಿಲ್ಲೆಯ ಏಪ್ರಿಲ್-ಮೇ ಬಿಸಿಲು 40 ಡಿಗ್ರಿ ದಾಟುವುದು ನಿಮಗೆ ನಾನು ಹೇಳಬೇಕಿಲ್ಲ. ರಾತ್ರಿ ಊಟದ ಮೇಲೆ “ಇನ್ನ ನೀರೂ ಮುಟ್ಟಬ್ಯಾಡ” ಎಂದು ಯಾರೋ ಹೇಳಿರುತ್ತಾರೆ. ಆಪರೇಷನ್ ಸರದಿ ಮರುದಿನ ಮಧ್ಯಾಹ್ನಕ್ಕೆ ಬರುತ್ತದೆ. ಅಷ್ಟರಲ್ಲಿ ರೋಗಿ ತುಟಿ ಒಣಗಿ, ಮೂತ್ರ ಹಳದಿಯಾಗಿ ಟೇಬಲ್ ಮೇಲೆ ಬರುತ್ತಾಳೆ. ಇಂದಿನ ಅರಿವಳಿಕೆ ನಿಯಮ ಅಷ್ಟು ಕಟುವಾಗಿಲ್ಲ: ಹಗುರ ಊಟಕ್ಕೆ 6 ತಾಸು, ತಿಳಿನೀರಿಗೆ 2 ತಾಸು. ಹಾಲು ಹಾಕಿದ ಚಹಾ ನೀರಿನ ಲೆಕ್ಕಕ್ಕೆ ಬರುವುದಿಲ್ಲ, ಅದು ಊಟದ ಲೆಕ್ಕ. ಕೆಲವು ರೋಗಿಗಳಿಗೆ ನಿಯಮ ಬೇರೆ ಇರುತ್ತದೆ. ಆದ್ದರಿಂದ ದಾಖಲಾದ ಕೂಡಲೇ “ನೀರು ಎಷ್ಟು ಗಂಟೆ ತನಕ ಕುಡಿಸಬಹುದ್ರಿ?” ಎಂದು ಕೇಳಿ, ಗಂಟೆಯನ್ನು ಬರೆಸಿಕೊಳ್ಳಿ. ಸರದಿ ಮುಂದೆ ಹೋದರೆ ಮತ್ತೆ ಕೇಳಿ.

ಆಪರೇಷನ್ ಕೋಣೆಯೊಳಗಿನದು ನಮ್ಮ ಹೊಣೆ. ಅದರಲ್ಲಿ ಒಂದನ್ನು ಮಾತ್ರ ನಿಮಗೆ ತಿಳಿಸಬೇಕು. ಹೊರಗೆ ನಿಂತ ಬೀಗರು “ಮೂತ್ರ ಕಮ್ಮಿ ಬಂದಾವಂತ, ಇನ್ನೆರಡು ಸಲಾಯಿನ್ ಹಚ್ರಿ” ಎಂದು ಒತ್ತಾಯ ಮಾಡುತ್ತಾರೆ. ಗ್ಯಾಸು ಇದ್ದಾಗ ಮೂತ್ರ ಇಳಿಯುವುದು ಯಾವಾಗಲೂ ನೀರಿನ ಕೊರತೆಯಿಂದಲ್ಲ, ಮೇಲೆ ಹೇಳಿದ ಒತ್ತಡದಿಂದ. ಆಗ ಬಾಟಲಿ ಮೇಲೆ ಬಾಟಲಿ ಸುರಿದರೆ ನೀರು ಪುಪ್ಪುಸಕ್ಕೆ ಸೇರಿ ಉಸಿರಿಗೆ ತೊಂದರೆಯಾಗುತ್ತದೆ. ಸಲಾಯಿನ್ನಿನ ಲೆಕ್ಕವನ್ನು ಬಾಟಲಿ ಎಣಿಸಿ ಅಳೆಯಬೇಡಿ ಎಂದು ಮನೆಯವರಿಗೆ ಹೇಳಿ.

ಮನೆಗೆ ಬಂದ ಮೇಲಿನ ವಾರ ಎಲ್ಲಕ್ಕಿಂತ ಮುಖ್ಯ. ದುರ್ಬೀನ್ ಆಪರೇಷನ್ನಿನ ದೊಡ್ಡ ಲಾಭವೇ ಗಾಯ ಸಣ್ಣದು, ನೋವು ಕಮ್ಮಿ, ಬೇಗ ಎದ್ದು ಓಡಾಡಬಹುದು, ಬೇಗ ಉಣ್ಣಬಹುದು ಎಂಬುದು. ನೋವು ಕಮ್ಮಿಯಾದರೆ ನೋವಿನ ಗುಳಿಗೆ ಕಮ್ಮಿ. ಬೇಗ ಕುಡಿದು ಉಂಡರೆ ಕಿಡ್ನಿಗೆ ರಕ್ತ ಸರಿಯಾಗಿ ಸಿಗುತ್ತದೆ. ಹೊಟ್ಟೆ ಕೊಯ್ಯುವ ಆಪರೇಷನ್ನೇ ಕಿಡ್ನಿಗೆ ಹಿತ ಎಂಬ ಮಾತು ಹೀಗಾಗಿ ನಿಲ್ಲುವುದಿಲ್ಲ. ಆದರೆ ನಮ್ಮ ಮನೆಗಳಲ್ಲಿ ಈ ಲಾಭವನ್ನು ನಾವೇ ಕಳೆಯುತ್ತೇವೆ. ಬಾಣಂತಿಗೆ ನೀರು ಕೊಡಬಾರದು ಎಂಬ ರೂಢಿ ಆಪರೇಷನ್ ಆದವರ ಮೇಲೂ ಬೀಳುತ್ತದೆ: “ನೀರು ಕುಡಿದ್ರ ಹೊಲಿಗಿ ಹಸಿ ಆಗ್ತದ, ಕೀವು ತುಂಬ್ತದ.” ಹೊಲಿಗೆಗೂ ಕುಡಿಯುವ ನೀರಿಗೂ ಸಂಬಂಧವಿಲ್ಲ. ನೀರು, ಗಂಜಿ, ತಿಳಿ ಮಜ್ಜಿಗೆ ಕೊಡಿಸಿ. ಡಯಾಲಿಸಿಸ್‌ನಲ್ಲಿರುವವರಿಗೆ, ಹೃದಯ ಸೋತವರಿಗೆ ಮಾತ್ರ ಡಾಕ್ಟರು ಹೇಳಿದ ಅಳತೆಯಷ್ಟೇ.

ಮೊದಲ ಎರಡು ಮೂರು ದಿನ ಭುಜ ನೋಯುತ್ತದೆ ಎಂದು ಹಲವರು ಹೆದರುತ್ತಾರೆ. ಒಳಗೆ ಉಳಿದ ಸ್ವಲ್ಪ ಗ್ಯಾಸು ಎದೆ ಮತ್ತು ಹೊಟ್ಟೆಯ ನಡುವಿನ ಪರದೆಯನ್ನು ಕೆಣಕಿದಾಗ ನೋವು ಭುಜದಲ್ಲಿ ಕಾಣಿಸುತ್ತದೆ. ಓಡಾಡಿದರೆ ತಾನೇ ಹೋಗುತ್ತದೆ. ಅದಕ್ಕೆಂದು ಊರಲ್ಲಿ ನೋವಿನ ಸೂಜಿ ಮಾಡಿಸುವುದು ಬೇಡ.

ಮೂತ್ರದ ಲೆಕ್ಕ ಕೇಳಲು ನಾಚಿಕೆ ಬೇಡ. 50 ಕಿಲೋ ತೂಕದ ಹೆಣ್ಣುಮಗಳಿಗೆ ತಾಸಿಗೆ ಕನಿಷ್ಠ 25 ಮಿಲಿಲೀಟರ್, ದಿನಕ್ಕೆ 600 ಮಿಲಿಲೀಟರ್ ಆದರೂ ಆಗಬೇಕು. ಎಂಟು ತಾಸು ಕಳೆದರೂ ಒಂದಕ್ಕೆ ಹೋಗಿಲ್ಲ ಎಂದರೆ ಕಾಯಬೇಡಿ. ಕೆಳಹೊಟ್ಟೆ ಉಬ್ಬಿ ಬಿಗಿದಿದ್ದರೆ ಮೂತ್ರ ಚೀಲದಲ್ಲಿ ಸಿಕ್ಕಿಕೊಂಡಿರಬಹುದು, ನಳಿಕೆ ಹಾಕಿದರೆ ಪರಿಹಾರ. ಉಬ್ಬಿಲ್ಲದೆ ಮೂತ್ರವೂ ಇಲ್ಲದಿದ್ದರೆ ಕಿಡ್ನಿ ತಯಾರಿಸುತ್ತಲೇ ಇಲ್ಲ ಎಂಬ ಭಯ ಇಟ್ಟುಕೊಳ್ಳಬೇಕು. ಎರಡರಲ್ಲೂ ಅಫಜಲಪುರದ ತಾಲ್ಲೂಕು ಆಸ್ಪತ್ರೆಗೋ ಆಪರೇಷನ್ ಮಾಡಿದಲ್ಲಿಗೋ ಅಂದೇ ಹೋಗಬೇಕು. ಕ್ರಿಯಾಟಿನಿನ್ ಏರುವುದು ಪೆಟ್ಟು ಬಿದ್ದ ಒಂದೆರಡು ದಿನಗಳ ನಂತರ. ಆದ್ದರಿಂದ ಡಿಸ್ಚಾರ್ಜ್ ದಿನದ ರಿಪೋರ್ಟು ಚೆನ್ನಾಗಿದ್ದರೂ, ಎಚ್ಚರದ ಪಟ್ಟಿಯವರಿಗೆ ಹೊಲಿಗೆ ಬಿಚ್ಚುವ ದಿನ ಇನ್ನೊಮ್ಮೆ ಪರೀಕ್ಷೆ ಮಾಡಿಸಿ.

ಗರ್ಭಕೋಶದ ಆಪರೇಷನ್ ಆದವರಲ್ಲಿ ಇನ್ನೊಂದನ್ನು ನೋಡಬೇಕು. ಕಿಡ್ನಿಯಿಂದ ಮೂತ್ರ ತರುವ ನಾಳ ಗರ್ಭಕೋಶದ ರಕ್ತನಾಳದ ತೀರ ಹತ್ತಿರ, ಅದರ ಅಡಿಯಲ್ಲೇ ಹಾಯುತ್ತದೆ. ಅಪರೂಪಕ್ಕೆ ಅದಕ್ಕೆ ಗಾಯವಾಗುತ್ತದೆ ಅಥವಾ ಆಪರೇಷನ್ ಸಲಕರಣೆಯ ಕಾವು ತಗಲುತ್ತದೆ. ಗ್ಯಾಸಿನಿಂದ ಆಗುವ ತೊಂದರೆ ತಾಸುಗಳಲ್ಲಿ ಮುಗಿದರೆ, ಇದು ದಿನಗಳ ನಂತರ ತಲೆ ಎತ್ತುತ್ತದೆ: ಪಕ್ಕೆಯ ಹಿಂದೆ ನೋವು, ಜ್ವರ, ಹೊಟ್ಟೆ ಉಬ್ಬರ, ತನ್ನರಿವಿಲ್ಲದೆ ಕೆಳಗೆ ನೀರು ಜಿನುಗುವುದು. “ಆಪರೇಷನ್ ಆದ ಮ್ಯಾಲ ಇದೆಲ್ಲ ಇರೋದೇ” ಎಂದು ಹೆಣ್ಣುಮಕ್ಕಳು ತಡೆದುಕೊಳ್ಳುತ್ತಾರೆ. ತಡವಾದರೆ ಆ ಬದಿಯ ಕಿಡ್ನಿಯೇ ಕೆಡಬಹುದು. ದುರ್ಬೀನಿನಿಂದ ಕಿಡ್ನಿಗೆ ಕಾಯಂ ಹಾನಿಯಾಗುವ ದಾರಿಗಳಲ್ಲಿ ನಾನು ಹೆಚ್ಚು ಹೆದರುವುದು ಇದಕ್ಕೆ.

ಹೆದರಲು ಇನ್ನೊಂದು ಕಾರಣವೂ ಇದೆ. 2015ರಲ್ಲಿ ನಮ್ಮದೇ ಜಿಲ್ಲೆಯಲ್ಲಿ, ಅದರಲ್ಲೂ ಲಂಬಾಣಿ ತಾಂಡಾಗಳ ಬಡ ಹೆಣ್ಣುಮಕ್ಕಳಿಗೆ, ಅಗತ್ಯವಿಲ್ಲದೆ ಗರ್ಭಕೋಶ ತೆಗೆದ ಪ್ರಕರಣಗಳು ಬಯಲಿಗೆ ಬಂದು ಆರೋಗ್ಯ ಇಲಾಖೆ ತನಿಖೆ ನಡೆಸಬೇಕಾಯಿತು. 2023ರಲ್ಲಿ ಸುಪ್ರೀಂ ಕೋರ್ಟು ಇಂಥ ಆಪರೇಷನ್ನುಗಳನ್ನು ತಡೆಯುವ ಮಾರ್ಗಸೂಚಿಯನ್ನು ಎಲ್ಲ ರಾಜ್ಯಗಳೂ ಪಾಲಿಸಬೇಕೆಂದಿತು. ಸಣ್ಣ ಗಾಯದ ಆಪರೇಷನ್ ಎಂಬ ಕಾರಣಕ್ಕೆ ಬೇಡದ ಆಪರೇಷನ್ ಬೇಕಾದದ್ದಾಗುವುದಿಲ್ಲ. ಬಿಳಿ ಮುಟ್ಟಿಗೋ ಸೊಂಟನೋವಿಗೋ ಗರ್ಭಕೋಶ ತೆಗೆಸಿ ಎಂದು ಯಾರಾದರೂ ಹೇಳಿದರೆ ಸರ್ಕಾರಿ ಆಸ್ಪತ್ರೆಯಲ್ಲಿ ಎರಡನೆಯ ಅಭಿಪ್ರಾಯ ಪಡೆಯದೆ ಬಸ್ಸು ಹತ್ತಿಸಬೇಡಿ.

ಕೊನೆಗೆ ನಿಮ್ಮಿಂದ ನಾನು ಕೇಳುವುದು ಒಂದು ಚೀಟಿ. ಆಪರೇಷನ್ನಿಗೆ ಹೋಗುವ ಪ್ರತಿಯೊಬ್ಬರ ಕೈಯಲ್ಲಿ ಐದು ಸಾಲು ಬರೆದು ಕಳಿಸಿ: ವಯಸ್ಸು ಮತ್ತು ತೂಕ, ಶುಗರ್-ಬಿ.ಪಿ. ಎಷ್ಟು ವರ್ಷದಿಂದ, ಈಗ ನುಂಗುವ ಗುಳಿಗೆಗಳ ಹೆಸರು, ಕಳೆದ ತಿಂಗಳು ನೋವಿನ ಗುಳಿಗೆ-ಸೂಜಿ ತೆಗೆದುಕೊಂಡದ್ದು, ಹಳೆಯ ಕ್ರಿಯಾಟಿನಿನ್ ಮತ್ತು ಅದರ ತಾರೀಖು. ಹಳೆಯ ಅಂಕಿ ಇಲ್ಲದಿದ್ದರೆ ಆಪರೇಷನ್ ನಂತರ ಬಂದ 1.4 ಹೊಸ ಪೆಟ್ಟೋ ಹಳೆಯ ರೋಗವೋ ಎಂದು ನಮಗೆ ತಿಳಿಯುವುದೇ ಇಲ್ಲ. ಶುಗರ್, ಬಿ.ಪಿ. ಇದ್ದವರಿಗೆ ವರ್ಷಕ್ಕೊಮ್ಮೆ ಕ್ರಿಯಾಟಿನಿನ್ ಮತ್ತು ಮೂತ್ರ ಪರೀಕ್ಷೆ ಮಾಡಿಸಬೇಕೆಂದು ನಿಮ್ಮ ತಿಂಗಳ ಸಭೆಯಲ್ಲಿ ವೈದ್ಯಾಧಿಕಾರಿಗಳ ಮುಂದೆ ಒತ್ತಾಯ ಇಡಿ. ಅಂಕಿ ಮೊದಲೇ ಗೊತ್ತಿದ್ದರೆ ಗ್ಯಾಸಿನ ಒತ್ತಡ ಇಳಿಸುವುದು, ಗುಳಿಗೆ ಬದಲಿಸುವುದು, ಆಪರೇಷನ್ ಮುಂದೂಡುವುದು ಎಲ್ಲವೂ ನಮ್ಮ ಕೈಯಲ್ಲಿರುತ್ತದೆ.

ಇನ್ನು “ಕಿಡ್ನಿ ಹೋಗ್ತಾವೇನ್ರಿ?” ಎಂದು ಯಾರಾದರೂ ಕೇಳಿದರೆ ಹೀಗೆ ಹೇಳಿ: “ದುರ್ಬೀನಿಗೆ ಹೆದರಬ್ಯಾಡ್ರಿ. ನಿಮ್ಮ ಗುಳಿಗಿ ಚೀಲ ತರ್ರಿ, ರಿಪೋರ್ಟ್ ತರ್ರಿ, ಚೀಟಿ ಬರದು ಕೊಡ್ತೀನಿ.”

ಇತಿ ನಿಮ್ಮ ವಿಶ್ವಾಸಿ,
ಭೀಮಾ ತೀರದ ರೋಗಿಗಳನ್ನು ನೋಡುವ ಒಬ್ಬ ಅರಿವಳಿಕೆ ವೈದ್ಯ